ಮಂಜುಗಡ್ಡೆಯ ಮನೆತನ

ನಮ್ಮ ನುಕುಮೀಯಾ ದ್ವೀಪದ ಬಿಸಿಲನ್ನು ಒಮ್ಮೆ ಕಂಡವರಿಗೆ ಬೇರೆ ಊರುಗಳ ಬಿಸಿಲು ಬೆಳದಿಂಗಳಂತೆ ಕಾಣುತ್ತದೆ. ಇಲ್ಲಿ ಕೋಳಿ ಇಟ್ಟ ಮೊಟ್ಟೆ ನೆಲ ಮುಟ್ಟುವಷ್ಟರಲ್ಲಿ ಅರೆಬೆಂದಿರುತ್ತದೆ. ಮನುಷ್ಯರು ಬೆವರುವುದಿರಲಿ, ಮನುಷ್ಯರ ನೆರಳೂ ಬೆವರುತ್ತದೆ. ತುವಾಲು ದೇಶದ ನಕ್ಷೆಯಲ್ಲಿ ಈ ದ್ವೀಪ ನೊಣ ಕೂತು ಎದ್ದುಹೋದ ಗುರುತಿನಷ್ಟಿದೆ, ನಿಜ. ಆದರೆ ವಿದ್ಯಾವಂತರ ಮಾತು ಬಂದರೆ ಭೂಮಿಯ ಮೇಲಿನ ಯಾವ ಪಟ್ಟಣವೂ ನಮ್ಮೆದುರು ನಿಲ್ಲಲಾರದು. ಎಂಬತ್ತೆರಡು ಮನೆಗೆ ಹತ್ತೊಂಬತ್ತು ಪದವೀಧರರು! ಆ ಹತ್ತೊಂಬತ್ತರಲ್ಲಿ ಓದಿದ್ದನ್ನೇ ಕೆಲಸವಾಗಿ ಮಾಡಿದವನು ಒಬ್ಬನೇ ಒಬ್ಬ. ಅವನ ಹೆಸರು ಸೆಮೇಸೆ. ಅವನು ಓದಿದ್ದು ಮಂಜುಗಡ್ಡೆ.

ಇದಕ್ಕೆಲ್ಲ ಕಾರಣ ಹಡಗು. ವಿದ್ಯಾರ್ಥಿವೇತನದ ಓದುಗಳನ್ನು ಸರ್ಕಾರ ವರ್ಷಕ್ಕೊಮ್ಮೆ ರಾಜಧಾನಿ ಫುನಾಫುತಿಯಲ್ಲಿ ಹಂಚುತ್ತದೆ. ನಮ್ಮ ಅರ್ಜಿಗಳನ್ನು ಹೊತ್ತ ಹಡಗು ಎಂದೂ ಹೊತ್ತಿಗೆ ಮುಟ್ಟಿದ್ದಿಲ್ಲ. ಒಂದು ವರ್ಷದ ಕ್ರಿಸ್‌ಮಸ್ ಬಿಸ್ಕತ್ತು ಅದರಲ್ಲಿ ಬಂದಾಗ ಮುಂದಿನ ವರ್ಷದ ಈಸ್ಟರ್ ಮುಗಿದಿತ್ತು. ಹೀಗಾಗಿ ಬೇರೆ ದ್ವೀಪದವರು ಆರಿಸಿಕೊಂಡು ಬಿಟ್ಟಿದ್ದೇ ನಮ್ಮವರ ಪಾಲಿನ ವಿದ್ಯೆ. ಇಂಜಿನ್ ರಿಪೇರಿ ಕಲಿಯಬೇಕೆಂದಿದ್ದ ಪೇನಿ ಔಷಧಿಶಾಸ್ತ್ರ ಓದಿ ಬಂದು ದೋಣಿ ನಡೆಸುತ್ತಿದ್ದ. ಕಾನೂನು ಓದಿದವಳು ಬ್ರೆಡ್ಡು ಸುಡುತ್ತಿದ್ದಳು. ವಿದ್ಯುತ್ ಯಂತ್ರಗಳನ್ನು ಓದಿದವನು ಪಾದ್ರಿಯಾಗಿದ್ದ. ನಾವಿಕನಾಗಬೇಕೆಂದು ಹುಟ್ಟಿದಾಗಿನಿಂದ ಹಂಬಲಿಸಿದ ಸಕಾಯೋಗೆ ಸಿಕ್ಕಿದ್ದು ಜಮೀನಿನ ಸರ್ವೆ. ನಮ್ಮಲ್ಲಿ ಒಂದು ಗೇಣು ನೆಲ ಅಳೆದರೆ ಮೂರು ತಲೆಮಾರಿಗೆ ಮಾತು ಬಿಟ್ಟುಹೋಗುತ್ತದೆ. ಆದ್ದರಿಂದ ಅವನ ಮೂರು ಕಾಲಿನ ಯಂತ್ರ ಮಂಚದ ಕೆಳಗೆ ಮಲಗಿಕೊಂಡು ಏಡಿಗಳ ಸಂಸಾರಕ್ಕೆ ಮನೆಯಾಗಿತ್ತು.

ಸೆಮೇಸೆಗೆ ಇಂಥದ್ದೇ ಓದಬೇಕೆಂಬ ಆಸೆಯೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದು ತಾತನ ಜಾಗ.

ನಮ್ಮಲ್ಲಿ ಪ್ರತಿ ಮನೆತನಕ್ಕೂ ಊರಿಗಾಗಿ ಮಾಡುವ ಒಂದು ಕೆಲಸ ಇರುತ್ತದೆ. ಅದನ್ನು ಸಲಾಂಗ ಎನ್ನುತ್ತೇವೆ. ಮನೆಗಸುಬು ಎಂದರೂ ಆದೀತು. ಸೂರು ಹೊದಿಸುವ ಮನೆತನ, ದೋಣಿ ಕೆತ್ತುವ ಮನೆತನ, ಸಭೆಗೆ ಶಂಖ ಊದುವ ಮನೆತನ. ಸೆಮೇಸೆಯ ಮನೆತನದ್ದು ಹಂಚುವ ಕೆಲಸ. ಸಮುದ್ರ ಏನು ಕೊಟ್ಟರೂ ಸರಿ, ಸಭಾಮನೆಯ ನಡುಗಂಬದ ಬಳಿ ಚಾಪೆಯ ಮೇಲೆ ಹರಡಿ ಮನೆಮನೆಗೆ ಪಾಲು ಮಾಡಬೇಕು. ತಾತ ತಿನಿಲಾವು ಈ ಕೆಲಸದಲ್ಲಿ ಎಂಥ ನಿಸ್ಸೀಮ ಎಂದರೆ, ಒಮ್ಮೆ ಒಂದೇ ಒಂದು ಹಾರುಮೀನನ್ನು ಇಡೀ ಊರಿಗೆ ಹಂಚಿದ. ಎಲ್ಲರೂ ತಿಂದು ತೇಗಿದರು. ನಾಯಿಗಳಿಗೂ ಉಳಿಯಿತು. ತಕ್ಕಡಿಯಿಲ್ಲ, ಲೆಕ್ಕವಿಲ್ಲ, ಬರೀ ಕಣ್ಣಳತೆ. ಬಾಣಂತಿಗೆ ಹೊಟ್ಟೆಯ ತುಂಡು, ಹಲ್ಲಿಲ್ಲದವರಿಗೆ ಕೆನ್ನೆಯ ಮಾಂಸ, ನಿನ್ನೆ ಜಗಳವಾಡಿದ ಅಣ್ಣತಮ್ಮಂದಿರಿಗೆ ಒಂದೇ ಮೀನಿನ ಎರಡು ಹೋಳು. ಆ ಕಣ್ಣಿಗೀಗ ಪೊರೆ ಬಂದಿತ್ತು. ಮೊಮ್ಮಗ ಆರು ವರ್ಷದವನಾಗಿದ್ದಾಗಿನಿಂದಲೂ ಆ ಕಂಬದ ಬಳಿಯೇ ಕೂತು ಕಲಿತವನು.

"ಹೋಗಿ ಏನಾದ್ರೂ ಓದ್ಕೊಂಡು ಬಾರೋ," ಎಂದಿದ್ದ ತಾತ. "ಹಂಚೋನಿಗೆ ನಾಲ್ಕು ಊರು ನೋಡಿದ ಕಣ್ಣಿರ್ಬೇಕು. ಏನು ಓದಿದ್ರೂ ನಡೆಯತ್ತೆ. ನಿನ್ನ ಜಾಗ ಎಲ್ಲಿ ಹೋಗತ್ತೆ?"

ಆ ವರ್ಷ ಹಡಗು ಮುಟ್ಟಿದಾಗ ಒಂದೇ ಓದು ಉಳಿದಿತ್ತು: ಮಂಜುಗಡ್ಡೆ ಮತ್ತು ಹಿಮನದಿಗಳು. ಒಂಬತ್ತು ವರ್ಷದಿಂದ ಯಾರೂ ಮುಟ್ಟಿರದ ಸೀಟು. ಸೆಮೇಸೆ ನ್ಯೂಜಿಲೆಂಡಿಗೆ ಹೋಗಿ ಐದು ವರ್ಷ ಗಡಗಡ ನಡುಗಿ, ಮೂಗಿನ ತುದಿಯ ಬಣ್ಣವನ್ನೇ ಅಲ್ಲಿ ಬಿಟ್ಟು, ಪದವಿ ಹೊತ್ತುಕೊಂಡು ವಾಪಸು ಬಂದ.

ಅವನು ಬಂದ ಹಡಗಿನಲ್ಲೇ ಸರ್ಕಾರದ ಕಾಗದವೂ ಬಂತು. ಇನ್ನು ಮುಂದೆ ಓದಿದವರು ಓದಿದ ಕೆಲಸವನ್ನೇ ಮಾಡತಕ್ಕದ್ದು. ಸೆಮೇಸೆ ಎಂಬವನನ್ನು ದ್ವೀಪದಲ್ಲಿ ಮಂಜುಗಡ್ಡೆ ಇರುವ ಸ್ಥಳಕ್ಕೆ ನೇಮಿಸಲಾಗಿದೆ. ದ್ವೀಪದಲ್ಲಿ ಮಂಜುಗಡ್ಡೆ ಇದ್ದದ್ದು ಒಂದೇ ಕಡೆ, ದಕ್ಕೆಯ ಪಕ್ಕದ ಶೆಡ್ಡಿನಲ್ಲಿ ಮೀನು ಕೆಡದಂತೆ ಇಡುವ ಐಸ್ ಪೆಟ್ಟಿಗೆಯೊಳಗೆ. ಜನರೇಟರಿಗೆ ಮನಸ್ಸು ಬಂದ ದಿನ ಅದರಲ್ಲಿ ಎರಡು ತೆಂಗಿನಕಾಯಿ ಗಾತ್ರದ ಐಸು ಕಟ್ಟುತ್ತಿತ್ತು. ಭೂಮಿಯ ತುದಿಯಲ್ಲಿ ಹತ್ತು ಸಾವಿರ ವರ್ಷದ ಹಿಮವನ್ನು ಕೊರೆದು ನೋಡಿದ ಸೆಮೇಸೆ, ಆ ಎರಡು ಕಾಯಿಗಳ ಎದುರು ಸ್ಟೂಲು ಹಾಕಿಕೊಂಡು ಕೂತ.

ಹೋಗಲಿ, ಐಸು ಕಾಯುವುದು ಬೆಳಿಗ್ಗೆ, ಮೀನು ಹಂಚುವುದು ಸಂಜೆ ಎಂದುಕೊಂಡಿದ್ದ ಅವನು. ಆದರೆ ಹಿರಿಯರ ಸಭೆ ಸೇರಿತು.

"ಕೆಲಸ ಅಂದ್ಮೇಲೆ ಅದು ಒಬ್ಬನದಲ್ಲ, ಮನೆತನದ್ದು," ಎಂದರು ಮುಖಂಡರಾದ ನೆಮೀಯಾ. ಆರೂವರೆ ಅಡಿ ಎತ್ತರ, ಅವರು ಗಂಟಲು ಸರಿಮಾಡಿಕೊಂಡರೆ ಪಕ್ಕದ ದ್ವೀಪದಲ್ಲಿ ಬಟ್ಟೆ ಒಳಗೆ ತರುತ್ತಾರೆ, ಗುಡುಗಿತೆಂದು. "ಸೆಮೇಸೆ ಊರಿಗೆ ಹೊಸ ಕಸುಬು ತಂದಿದ್ದಾನೆ. ಸಂತೋಷ. ಇವತ್ತಿನಿಂದ ತಿನಿಲಾವು ಮನೆತನ ಐಸಿನ ಮನೆತನ. ಆದ್ರೆ ಒಂದು ಮನೆಗೆ ಎರಡು ಕಸುಬು ನಮ್ಮಲ್ಲಿಲ್ಲ. ಹಂಚೋದನ್ನ ಬೇರೆಯವ್ರಿಗೆ ಕೊಡ್ಬೇಕಾಗತ್ತೆ."

"ಮಾವ, ನಾನು ಕೇಳ್ಲೇ ಇಲ್ವಲ್ಲ ಹೊಸ ಕಸುಬು!" ಎಂದ ಸೆಮೇಸೆ.

"ಐದು ವರ್ಷ ಓದಿದ್ದೀಯ, ಇನ್ನು ಬೇರೆ ಕೇಳ್ಬೇಕಾ?"

"ಹಾಗಾದ್ರೆ ಪೇನಿ ಮನೆಯವ್ರು ಯಾಕೆ ಔಷಧಿ ಮನೆತನ ಆಗ್ಲಿಲ್ಲ?"

"ಪೇನಿಗೆ ಸರ್ಕಾರದ ಕಾಗದ ಬಂದಿಲ್ಲವಲ್ಲಪ್ಪ," ಎಂದು ನೆಮೀಯಾ ನಿಟ್ಟುಸಿರು ಬಿಟ್ಟರು. ಮೂರು ಚಾಪೆ ಹಾರಿಹೋದವು.

ಹಂಚುವ ಕೆಲಸ ಸಕಾಯೋ ಪಾಲಿಗೆ ಬಂತು. ಅವನದು ಶಂಖದ ಮನೆತನ; ಶಂಖ ಊದುವುದನ್ನು ಕಸುಬೆಂದು ಎಣಿಸಬೇಕೋ ಬರೀ ಉಸಿರೆಂದು ಎಣಿಸಬೇಕೋ ಎಂಬ ಹಳೆಯ ತಕರಾರು ಇದ್ದದ್ದರಿಂದ ಅವರಿಗೆ ಒಂದೂಕಾಲು ಕಸುಬು ನಡೆಯುತ್ತದೆ ಎಂದಾಯಿತು. ಸದ್ಯಕ್ಕೆ ತಾತ್ಕಾಲಿಕ, ಸುಗ್ಗಿಯ ಊಟದ ದಿನ ಹೂವಿನ ಕಿರೀಟ ತೊಡಿಸಿದರೆ ಶಾಶ್ವತ. ಆಮೇಲೆ ತಿನಿಲಾವು ಮನೆತನದವರು ಏಳು ತಲೆಮಾರು ಕಾದರೂ ನಡುಗಂಬ ಅವರದಾಗುವುದಿಲ್ಲ.

ಸಕಾಯೋ ಮಂಚದ ಕೆಳಗಿನಿಂದ ಏಡಿಗಳನ್ನು ಓಡಿಸಿ ಯಂತ್ರ ಹೊರತೆಗೆದ. ಕೊನೆಗೂ ಓದಿದ್ದು ಉಪಯೋಗಕ್ಕೆ ಬಂತಲ್ಲ ಎಂದು ಅವನ ಕಣ್ಣಲ್ಲಿ ನೀರು. ಮೊದಲ ದಿನವೇ ಚಾಪೆಯ ಮೇಲಿನ ಟ್ಯೂನಾ ಮೀನಿಗೆ ನಾಲ್ಕು ಮೂಲೆ ಗುರುತಿಸಿ, ಗೂಟ ಹೊಡೆದು, ದಾರ ಕಟ್ಟಿ, ಮೂರು ಕಾಲಿನ ಯಂತ್ರದಲ್ಲಿ ಒಂದು ಕಣ್ಣು ಮುಚ್ಚಿ ನೋಡಿ, ಎಂಬತ್ತೆರಡು ಸಮ ಚೌಕಗಳಾಗಿ ಕತ್ತರಿಸಿದ. ಹಾಲೂಡುವ ತಾಯಿಗೆ ಬರೀ ರೆಕ್ಕೆ ಬಂತು. ಪಾಸೆಮೇತಾ ಅಜ್ಜಿಗೆ, ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿಗೆ, ಬೆನ್ನುಮೂಳೆಯ ಚೌಕ ಬಂತು.

"ಏನೋ ಇದು ಸಕಾಯೋ? ಇದನ್ನ ತಿನ್ಲೋ, ಬೇಲಿಗೆ ನೆಡ್ಲೋ?" ಎಂದಳು ಅಜ್ಜಿ.

"ಅಳತೆ ಸರಿಯಾಗಿದೆ ಅಜ್ಜಿ. ಬೇಕಾದ್ರೆ ಯಂತ್ರದಲ್ಲಿ ನೋಡು."

"ನೋಡ್ದೆ ಕಣೋ. ಅದ್ರಲ್ಲಿ ನೀನು ತಲೆಕೆಳಗಾಗಿ ಕಾಣ್ತೀಯ."

ಇತ್ತ ಮಂಜುಗಡ್ಡೆಯ ಮನೆತನಕ್ಕೆ ವಿಚಿತ್ರ ಮರ್ಯಾದೆ ಶುರುವಾಯಿತು. ಸೆಮೇಸೆಯ ಚಿಕ್ಕಮ್ಮ ಸುನೇಮಾ ಹುಟ್ಟಿದಾಗಿನಿಂದ ಐಸು ಮುಟ್ಟಿದವಳಲ್ಲ. ಆದರೂ ಜ್ವರ ಬಂದ ಮಕ್ಕಳನ್ನು ತಂದು ಅವಳ ಮಡಿಲಲ್ಲಿ ಹಾಕಿ ಹೋಗತೊಡಗಿದರು, ಐಸಿನ ಮನೆಯವಳ ಕೈ ತಂಪು ಎಂದು. ಚರ್ಚಿನಲ್ಲಿ ಅವರ ಅಕ್ಕಪಕ್ಕ ಕೂರಲು ನೂಕುನುಗ್ಗಲು. ಒಂದು ಭಾನುವಾರ ಸುನೇಮಾಳ ಎಡಕ್ಕೆ ಇಪ್ಪತ್ತಮೂರು ಜನ, ಬಲಕ್ಕೆ ಮೂವತ್ತು ಜನ ಅಂಟಿಕೊಂಡು ಕೂತು, ನಡುವೆ ಅವಳು ಇಡ್ಲಿಯಂತೆ ಬೆಂದುಹೋದಳು.

"ನಿನ್ನ ವಿದ್ಯೆಗೆ ಬೆಂಕಿ ಹಾಕ!" ಎಂದಳು ಮನೆಗೆ ಬಂದು. "ಮೀನುವಾಸನೆ ಬರ್ತಿದ್ದ ಮರ್ಯಾದೆಯ ಮನೆ ನಮ್ದು. ಈಗ ಜನ ನನ್ನ ಬೆನ್ನಿಗೆ ಕೆನ್ನೆ ಒತ್ತಿ ನಿದ್ದೆ ಮಾಡ್ತಾರೆ."

ತಾತ ಚೌಕ ಮೀನು ತಿನ್ನುವುದನ್ನು ಬಿಟ್ಟ. ಸಂಜೆ ಶಂಖ ಊದಿದಾಗ ಅವನ ಬೆರಳುಗಳು ತಮ್ಮಷ್ಟಕ್ಕೇ ತೊಡೆಯ ಮೇಲೆ ಗಾಳಿಯನ್ನು ಪಾಲು ಮಾಡುತ್ತಿದ್ದವು. ಅದನ್ನು ಕಂಡಾಗಲೆಲ್ಲ ಸೆಮೇಸೆಗೆ, ತನ್ನ ಐದು ವರ್ಷದ ನಡುಕವು ತಾತನ ಎಂಬತ್ತು ವರ್ಷದ ಜಾಗವನ್ನು ತಿಂದುಹಾಕಿತಲ್ಲ ಎನಿಸುತ್ತಿತ್ತು.

ಹೇಗಾದರೂ ಊರವರ ಮನಸ್ಸು ಗೆಲ್ಲಬೇಕೆಂದು ಅವನು ಸಭಾಮನೆಯಲ್ಲಿ ಒಂದು ಉಪನ್ಯಾಸ ಮಾಡಿದ. ದೂರದ ದಕ್ಷಿಣದಲ್ಲಿ ದ್ವೀಪಕ್ಕಿಂತ ದೊಡ್ಡ ಐಸಿನ ಗುಡ್ಡಗಳಿವೆ. ಲೋಕದ ಹೊಗೆಯಿಂದ ಅವು ಕರಗುತ್ತಿವೆ. ಕರಗಿದ ನೀರು ಸಮುದ್ರಕ್ಕೆ ಸೇರುತ್ತದೆ. ಅದಕ್ಕೇ ನಮ್ಮ ಸಮುದ್ರ ಏರುತ್ತಿದೆ. ಎಲ್ಲರೂ ತಲೆದೂಗಿ ಕೇಳಿದರು. ಪಾಸೆಮೇತಾ ಅಜ್ಜಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಸುಗ್ಗಿಯ ಊಟದ ದಿನ ಬೆಳಿಗ್ಗೆ ವರ್ಷದ ದೊಡ್ಡ ಉಬ್ಬರ ಬಂತು. ನಮ್ಮಲ್ಲಿ ಸಮುದ್ರ ದಡ ಹತ್ತಿ ಬರುವ ಕಷ್ಟ ತೆಗೆದುಕೊಳ್ಳುವುದಿಲ್ಲ. ನೆಲದ ಕೆಳಗಿನಿಂದಲೇ ಗುಳುಗುಳು ಎನ್ನುತ್ತ ಮೇಲೆ ಬರುತ್ತದೆ. ಕೋಳಿಗಳು ಈಜು ಕಲಿತವು. ಪೇನಿ ತನ್ನ ಅಡುಗೆಮನೆಯಲ್ಲಿ ದೋಣಿಗೆ ಲಂಗರು ಹಾಕಿದ. ಅದೆಲ್ಲ ಸೈರಿಸಬಹುದು. ಆದರೆ ಊರಿಗೆಲ್ಲ ಅನ್ನ ಕೊಡುವ ಪುಲಾಕ ಗೆಡ್ಡೆ ಬೆಳೆಯುವ ದೊಡ್ಡ ಗುಂಡಿಯಲ್ಲಿ ಉಪ್ಪುನೀರು ತುಂಬಿ ನಿಂತಿತು. ಆನೆಕಿವಿಯಂಥ ಎಲೆಗಳು ನಿಂತಲ್ಲೇ ತಲೆಬಾಗಿದವು.

ಶಂಖ ಮೊಳಗಿತು. ಎಲ್ಲರೂ ಸಭಾಮನೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಮರ್ಯಾದೆಯಿಂದ ಚಕ್ಕಳಮಕ್ಕಳ ಹಾಕಿ ಕೂತರು. ಕುಳ್ಳಗಿದ್ದವರು ಗಲ್ಲದಿಂದ ಮೇಲೆ ಮಾತ್ರ ಕಾಣುತ್ತಿದ್ದರು. ಅಜ್ಜಿ ಎದ್ದಳು.

"ಸೂರು ಸೋರಿದ್ರೆ ಯಾರ್ನ ಕೇಳ್ತೀವಿ?"

"ಸೂರಿನ ಮನೆತನದವ್ರನ್ನ," ಎಂದಿತು ಸಭೆ.

"ದೋಣಿ ಒಡೆದ್ರೆ?"

"ದೋಣಿಯ ಮನೆತನದವ್ರನ್ನ."

"ಐಸು ಕರಗಿ ನನ್ನ ಗೆಡ್ಡೆ ಕೊಳೆತ್ರೆ?"

ಇಡೀ ಸಭೆ ಸೆಮೇಸೆಯ ಕಡೆ ತಿರುಗಿತು. ತಿರುಗಿದ ರಭಸಕ್ಕೆ ಒಂದು ಸಣ್ಣ ಅಲೆ ಎದ್ದು ಅವನ ಎದೆಗೆ ಬಡಿಯಿತು.

"ಅಜ್ಜಿ, ಆ ಐಸು ಎಲ್ಲೋ ದಕ್ಷಿಣದಲ್ಲಿದೆ! ನನ್ನ ಪೆಟ್ಟಿಗೆಯಲ್ಲಿರೋದು ಎರಡು ಗಡ್ಡೆ!"

"ನೀನೇ ತಾನೆ ಮೊನ್ನೆ ಇಲ್ಲೇ ನಿಂತು ಹೇಳಿದ್ದು, ಕರಗ್ತಾ ಇದೆ ಅಂತ? ಗೊತ್ತಿದ್ದೂ ಸುಮ್ನಿದ್ದೆ. ಕಸುಬಲ್ಲಿ ಅಸಡ್ಡೆ!"

"ಹಿಡಿದುಕೊಳ್ಳೋಕಾಗಲ್ಲ ಅದನ್ನ, ಅಜ್ಜಿ."

"ಐದು ವರ್ಷ ಏನೋ ಕಲಿತೆ ಮತ್ತೆ?"

ನೆಮೀಯಾ ಗಂಟಲು ಸರಿಮಾಡಿಕೊಂಡರು. "ತಪ್ಪು ಐಸಿನ ಮನೆತನದ್ದೇ. ಸಂಜೆ ಊಟದ ಹೊತ್ತಿಗೆ ಈ ನೀರಿಗೊಂದು ದಾರಿ ತೋರಿಸ್ಲಿ. ಇಲ್ದಿದ್ರೆ ಅವ್ರು ಸಭಾಮನೆ ಹೊರಗೆ ಕೂರ್ತಾರೆ. ಕಿರೀಟ ಸಕಾಯೋಗೆ."

ತಾತನ ಬೆರಳುಗಳು ನೀರಿನಲ್ಲಿ ಸ್ತಬ್ಧವಾದವು. ಸೆಮೇಸೆ ಅವುಗಳನ್ನೇ ನೋಡುತ್ತಿದ್ದ. ಓದಿದ ಪುಸ್ತಕಗಳಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಬಂದದ್ದು ಆರನೇ ವಯಸ್ಸಿನಲ್ಲಿ ಇದೇ ಕಂಬದ ಬಳಿ ಕೇಳಿದ ಮಾತು. ಅವನು ಎದ್ದು ನಿಂತ.

"ಸರಿ. ನೀರು ನಮ್ಮನೆಯದ್ದೇ. ಒಪ್ಕೊಂಡೆ. ಆದ್ರೆ ಹಿರೀಕರೇ, ಇದು ಬಂದಿದ್ದೆಲ್ಲಿಂದ?"

"ಸಮುದ್ರದಿಂದ," ಎಂದರು ನೆಮೀಯಾ.

"ಸಮುದ್ರದಿಂದ ಊರಿಗೆ ಬಂದಿದ್ದನ್ನ ಮೊದ್ಲು ಏನು ಮಾಡ್ಬೇಕು?"

ಸಭೆಯಲ್ಲಿ ಗುಸುಗುಸು ಹುಟ್ಟಿತು. ಮೀನಾಗಲಿ, ತೇಲಿಬಂದ ಮರವಾಗಲಿ, ಹಡಗಿನಿಂದ ಬಿದ್ದ ಟಯರಾಗಲಿ, ಪಾಲು ಮಾಡದೆ ಯಾರೂ ಕೈ ಹಾಕುವಂತಿಲ್ಲ. ಒಂದು ಸಲ ಸಾಬೂನಿನ ಪೆಟ್ಟಿಗೆ ತೇಲಿಬಂದಾಗ ಹೀಗೇ ಹಂಚಿ, ಊರು ಒಂದು ವರ್ಷ ನೊರೆಯೊಳಗೇ ಇತ್ತು.

"ಹಂಚ್ಬೇಕು," ಎಂದು ನೆಮೀಯಾ ಒಪ್ಪಿಕೊಳ್ಳಲೇಬೇಕಾಯಿತು. "ಸಕಾಯೋ, ಏಳಪ್ಪ."

ಸಕಾಯೋ ಟೇಪು ಹಿಡಿದು ಗುಂಡಿಯ ಸುತ್ತ ಹತ್ತು ಸುತ್ತು ಬಂದ. ಉದ್ದ, ಅಗಲ, ಆಳ. ಯಂತ್ರ ಎರಡು ಸಲ ಮುಳುಗಿತು, ಎರಡು ಸಲವೂ ಅವನೇ ಹಾರಿ ತೆಗೆದ. ಮಧ್ಯಾಹ್ನದ ಹೊತ್ತಿಗೆ ಒದ್ದೆಯಾಗಿ ಬಂದು ಘೋಷಿಸಿದ: "ಹನ್ನೆರಡು ಸಾವಿರದ ಮುನ್ನೂರು ಬಕೆಟ್ಟು. ಎಂಬತ್ತೆರಡು ಮನೆ. ಮನೆಗೆ ನೂರೈವತ್ತು ಬಕೆಟ್ಟು, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬಂದು ತಗೊಂಡ್ಹೋಗಿ."

ಆಗ ಎದ್ದ ಗದ್ದಲಕ್ಕೆ ತೆಂಗಿನಮರಗಳು ಎಳನೀರು ಉದುರಿಸಿದವು.

"ಹದಿನಾಲ್ಕು ಜನರ ಮನೆಗೂ ನೂರೈವತ್ತು, ಒಂಟಿ ಮುದುಕಿ ನನಗೂ ನೂರೈವತ್ತಾ?" ಎಂದು ಅಜ್ಜಿ ಕಿರುಚಿದಳು. "ಎಲ್ಲಿಡ್ಲೋ ಅದನ್ನ? ತಲೆದಿಂಬಿನೊಳಗಾ?"

"ಸಮಪಾಲು ಅಜ್ಜಿ!"

"ನಿನ್ನ ಸಮಪಾಲಿಗೆ ಹುಳ ಬೀಳ! ಬೆನ್ನುಮೂಳೆ ಕೊಟ್ಟಾಗ್ಲೂ ಇದೇ ಅಂದೆ. ಈ ಹುಡುಗನ್ನ ಕೂರಿಸ್ರಯ್ಯ, ತಿನಿಲಾವು ಮೊಮ್ಮಗನ್ನ. ಐಸು ಕಾಯೋಕೆ ಬರ್ದಿದ್ರೂ ಪಾಲು ಮಾಡೋಕೆ ಬರತ್ತೆ ಅವನಿಗೆ."

ಸಕಾಯೋ ತಡೆಯಲಿಲ್ಲ. ಅವನ ಕಿವಿಯಲ್ಲಿ ಒಂದು ಮರಿ ಏಡಿ ನೇತಾಡುತ್ತಿತ್ತು. "ಕೂತ್ಕೊಳ್ಲಪ್ಪ, ಕೂತ್ಕೊಳ್ಲಿ," ಎಂದ.

ಸೆಮೇಸೆ ನಡುಗಂಬದ ಬಳಿ ನಿಂತು, ತಾತ ಮಾಡುತ್ತಿದ್ದಂತೆಯೇ, ಮೊದಲು ಎಲ್ಲರ ಮುಖ ನೋಡಿದ. ಆಮೇಲೆ ಒಂದೊಂದೇ ಮನೆಯನ್ನು ಕರೆದ.

"ಅಜ್ಜಿ, ನಿನ್ನ ಒಲೆಗೆ ಏನು ಹಾಕ್ತೀಯ?"

"ತೆಂಗಿನ ಸಿಪ್ಪೆ. ಇನ್ನೇನು?"

"ಆ ಹೊಗೆಗೆ ಒಂದು ಚಿಪ್ಪು ನೀರು. ಪೇನಿ, ನಿನ್ನ ದೋಣಿ ಇಂಜಿನ್ನಿಗೆ ಎರಡು ಚಿಪ್ಪು. ಪಾದ್ರಿಗಳೇ, ಚರ್ಚಿನ ಜನರೇಟರು ಇದೆ, ತಮ್ಗೆ ಅರ್ಧ ಬಕೆಟ್ಟು. ಮುಖಂಡರೇ, ಮೋಟಾರ್‌ಸೈಕಲ್ಲು."

"ಅದು ಕೆಟ್ಟು ಎರಡು ವರ್ಷ ಆಯ್ತಲ್ಲೋ!"

"ಹಾಗಾದ್ರೆ ಚಿಪ್ಪಿನ ಕಾಲುಭಾಗ. ಇನ್ನು ನಾನು. ಐಸು ನೋಡೋಕೆ ಫುನಾಫುತಿಯಿಂದ ವಿಮಾನ ಹತ್ತಿ ಹೋದೆ, ವಿಮಾನ ಹತ್ತಿ ಬಂದೆ. ಊರಲ್ಲೆಲ್ಲ ದೊಡ್ಡ ಪಾಲು ನನ್ನದೇ, ಮೂರು ಬಕೆಟ್ಟು."

ತನ್ನ ಮೂರು ಬಕೆಟ್ಟನ್ನು ಅವನೇ ಗುಂಡಿಯಿಂದ ಎತ್ತಿ ಸುನೇಮಾಳ ಬಾಗಿಲಲ್ಲಿಟ್ಟು ಬಂದ. ಅಜ್ಜಿಗೆ ಆ ನಡೆ ಹಿಡಿಸಿತು. ಆದರೆ ಗುಂಡಿ ಹಾಗೇ ತುಂಬಿತ್ತು. ಎಂಬತ್ತೆರಡು ಮನೆಗೆ ಪಾಲು ಸಂದರೂ ಎಂಟು ಬಕೆಟ್ಟು ಮಾತ್ರ ಖಾಲಿಯಾಗಿತ್ತು.

"ಉಳಿದಿದ್ದು?" ಎಂದರು ನೆಮೀಯಾ.

"ಉಳಿದಿದ್ದು ಇಲ್ಲಿಗೆ ಬರದೇ ಇರೋರ ಪಾಲು," ಎಂದ ಸೆಮೇಸೆ. ಗುಂಡಿಯ ಅಂಚಿನಲ್ಲಿ ಒಂದು ಬಾಳೆಎಲೆ ಹರಡಿ ಮುಚ್ಚಿದ. ಬಾರದವರ ಪಾಲನ್ನು ಎಲೆ ಮುಚ್ಚಿ ತೆಗೆದಿಡುವುದು, ಊಟದ ಮುಂಚೆ ಅವರ ಮನೆ ಬಾಗಿಲಿಗೆ ಮುಟ್ಟಿಸುವುದು. ಇದರಲ್ಲಿ ತಪ್ಪಿದರೆ ನಮ್ಮಲ್ಲಿ ತಲೆ ಎತ್ತಿ ತಿರುಗುವಂತಿಲ್ಲ.

"ಯಾರವ್ರು?"

"ದೊಡ್ಡ ದೊಡ್ಡ ದೇಶದವ್ರು, ಮಾವ. ನೂರು ಮನೆಗೆ ಇನ್ನೂರು ಕಾರು ಇಟ್ಕೊಂಡಿರೋರು. ಬೆಟ್ಟದಷ್ಟು ಎತ್ತರ ಚಿಮಣಿ ಕಟ್ಟಿರೋರು."

"ಊಟಕ್ಕೆ ಬರ್ಲಿಲ್ವಾ?" ಎಂದಳು ಅಜ್ಜಿ.

"ಮೊದ್ಲೇ ಉಂಡು ಎದ್ದುಹೋದ್ರು, ಅಜ್ಜಿ."

"ಉಂಡು, ತಮ್ಮ ಪಾಲು ಇಲ್ಲೇ ಬಿಟ್ಟುಹೋದ್ರಾ? ನಾವು ಅವ್ರ ಪಾಲು ಇಟ್ಕೊಂಡು ಕೂತಿದ್ದೀವಾ?" ಅಜ್ಜಿಗೆ ನಿಜವಾಗಿಯೂ ನಾಚಿಕೆಯಾಯಿತು. "ಎಷ್ಟು ಕೆಟ್ಟ ಹೆಸರು ಬರತ್ತೆ ಊರಿಗೆ! ಕಳಿಸ್ರಯ್ಯ, ಇವತ್ತೇ ಕಳಿಸಿ!"

ಸಭೆ ಒಟ್ಟಾಗಿ ಎದ್ದಿತು. ಇದ್ದಬದ್ದ ಡ್ರಮ್ಮು, ಕೊಡ, ಬೋಗುಣಿ, ಮಗುವಿನ ಸ್ನಾನದ ತೊಟ್ಟಿ ಎಲ್ಲ ಬಂದವು. ಪೇನಿ ಔಷಧಿಯ ಶೀಶೆಗೆ ಚೀಟಿ ಅಂಟಿಸುವ ಅಚ್ಚುಕಟ್ಟಿನಲ್ಲಿ ಒಂದೊಂದಕ್ಕೂ ದೇಶದ ಹೆಸರು ಅಂಟಿಸಿದ. ಮುಚ್ಚಳ ಬಿಗಿಯುವ ಮುಂಚೆ ಹೆಂಗಸರು ಒಂದೊಂದಕ್ಕೂ ಒಂದು ಹೂವು ಹಾಕಿದರು; ಪಾಲನ್ನು ಬರಿದೇ ಕಳಿಸುವ ಪದ್ಧತಿಯಿಲ್ಲ. ಕಾನೂನು ಓದಿದ ಬ್ರೆಡ್ಡಿನವಳು ಹಿಟ್ಟಿನ ಕೈಯಲ್ಲೇ ಒಕ್ಕಣೆ ಬರೆದಳು: "ತಮ್ಮ ಪಾಲು ಇಲ್ಲಿ ಉಳಿದಿತ್ತು. ತಡವಾಗಿದ್ದಕ್ಕೆ ಕ್ಷಮಿಸಿ. ಇನ್ನೂ ಇದೆ, ಪಾತ್ರೆ ವಾಪಸು ಕಳಿಸಿ." ನಾಲ್ಕು ಗಂಟೆಯ ಹೊತ್ತಿಗೆ ಪಾತ್ರೆಗಳೆಲ್ಲ ಹಡಗಿಗಾಗಿ ದಕ್ಕೆಯಲ್ಲಿ ಸಾಲುಗಟ್ಟಿದವು, ಗುಂಡಿಯ ತಳ ಕಂಡಿತು. ಉಬ್ಬರವೂ ಅದೇ ಹೊತ್ತಿಗೆ ಇಳಿದಿತ್ತು ಎನ್ನುವ ಹೊಟ್ಟೆಕಿಚ್ಚಿನವರ ಮಾತನ್ನು ಯಾರೂ ನಂಬಬೇಕಾಗಿಲ್ಲ.

ಸಂಜೆಯ ಊಟಕ್ಕೆ ಮುಂಚೆ ನೆಮೀಯಾ ಎದ್ದರು. ಅವರ ಕೈಯಲ್ಲಿ ಹೂವಿನ ಕಿರೀಟವಿತ್ತು. ಸೆಮೇಸೆಯ ಎದೆ ದಕ್ಕೆಯ ಜನರೇಟರಿನಂತೆ ಹೊಡೆದುಕೊಂಡು ನಿಂತು ಮತ್ತೆ ಹೊಡೆದುಕೊಂಡಿತು.

"ಐಸಿನ ಕೆಲಸ ಈಗ ಯಾರ ಹತ್ರ ಇದೆ?" ಎಂದು ಮುಖಂಡರು ಕೇಳಿದರು. "ಕರಗಿದ ನೀರೆಲ್ಲ ದೇಶದೇಶಕ್ಕೆ ಹಂಚಿಹೋಯ್ತು. ನೀರು ಯಾರದ್ದೋ ಐಸೂ ಅವ್ರದ್ದೇ; ಅದನ್ನ ನೋಡ್ಕೊಳ್ಳೋ ಹೊಣೆಯೂ ಅವ್ರದ್ದೇ. ಅಂದ್ಮೇಲೆ ತಿನಿಲಾವು ಮನೆತನದ ಕೈಯಲ್ಲಿ ಏನೂ ಉಳಿದಿಲ್ಲ. ಕಸುಬಿಲ್ಲದ ಮನೆತನ ಸಭಾಮನೆಯಲ್ಲಿ ಕೂರೋ ಹಾಗಿಲ್ಲ. ಅವ್ರನ್ನ ಹೊರಗೆ ಕೂರಿಸೋಣ ಅಂದ್ರೆ ಮಳೆ ಬರೋ ಹಾಗಿದೆ. ಏನ್ಮಾಡೋಣ?"

"ಏನಾದ್ರೂ ಒಂದು ಕಸುಬು ಕೊಟ್ಬಿಡಿ, ಪಾಪ," ಎಂದಳು ಅಜ್ಜಿ.

"ಖಾಲಿ ಇರೋದು ಯಾವ್ದಿದೆ?"

ಸಕಾಯೋ ಥಟ್ಟನೆ ಕೈ ಎತ್ತಿದ. "ನಂದು! ನಂದು ಖಾಲಿ ಇದೆ, ಮುಖಂಡರೇ! ಇವತ್ತು ಮಧ್ಯಾಹ್ನದಿಂದ್ಲೇ ಖಾಲಿ!"

ಕಿರೀಟ ಸೆಮೇಸೆಯ ತಲೆಗೆ ಬಂತು. ಚಾಪೆ ಹಾಸಿದರು. ಆ ದಿನ ಸಿಕ್ಕಿದ್ದು ಹನ್ನೊಂದು ಟ್ಯೂನಾ, ಒಂದು ಪುಟ್ಟ ಶಾರ್ಕು. ಪುಟ್ಟದೆಂದರೆ ಅದರ ಬಾಲ ಸಭಾಮನೆಯಲ್ಲಿದ್ದಾಗ ಮೂತಿ ಚರ್ಚಿನಲ್ಲಿತ್ತು. ಸೆಮೇಸೆ ಚಾಕು ಎತ್ತಿದ. ಎಂಬತ್ತೆರಡು ಗುಪ್ಪೆಗಳು ಚಾಪೆಯ ಮೇಲೆ ಸಾಲಾಗಿ ಬೆಳೆದವು. ಒಂದರ ಗಾತ್ರ ಇನ್ನೊಂದಕ್ಕಿರಲಿಲ್ಲ.

ತಾತ ಕೈಯೂರಿ ತೆವಳುತ್ತ ಬಂದ. ಕಣ್ಣು ಕಾಣದ ಮುದುಕ ಪ್ರತಿಯೊಂದು ಗುಪ್ಪೆಯನ್ನೂ ಬೆರಳಿನಿಂದ ಮುಟ್ಟಿದ. ಕೊನೆಯ ಗುಪ್ಪೆ ಅವನದೇ ಮನೆಯದು. ಅದರಲ್ಲಿ ಬೆರಳು ನಿಂತಿತು.

"ನಮ್ಮನೆಗೆ ಬರೀ ಬಾಲವೇನೋ?"

"ಹಂಚೋನ ಮನೆಗೆ ಕೊನೇ ತುಂಡು ತಾನೆ ತಾತ."

"ಗೊತ್ತು ಕಣೋ, ಗೊತ್ತು," ಎಂದು ಗೊಣಗಿದ ತಾತ, ಮತ್ತು ಪಕ್ಕದ ಸಕಾಯೋನ ಗುಪ್ಪೆಯಿಂದ ಒಂದು ಒಳ್ಳೆಯ ಹೊಟ್ಟೆಯ ತುಂಡನ್ನು ಮೆಲ್ಲಗೆ ಎತ್ತಿ, ಯಾರಿಗೂ ಕಾಣಲಿಲ್ಲವೆಂದುಕೊಂಡು, ಬಾಯಿಗೆ ಹಾಕಿಕೊಂಡ. ನಾಲ್ಕು ತಿಂಗಳಲ್ಲಿ ಅವನು ತಿಂದ ಮೊದಲ ಮೀನು ಅದು.